ಸಂಜೆಗೆ ಒಗ್ಗರಣೆ ಒಂದೇ ಉಳಿಯಲಿ

ನನ್ನ ಕೆಲಸ ಚಿತ್ರದುರ್ಗದಲ್ಲಿ, ಮನೆ ದಾವಣಗೆರೆಯ ನಿಟುವಳ್ಳಿಯಲ್ಲಿ. ನಡುವೆ ಸುಮಾರು 60 ಕಿಲೋಮೀಟರ್ ಹೆದ್ದಾರಿ. ಸಂಜೆ ಐದೂವರೆಗೆ ಆಫೀಸ್ ಬಿಟ್ಟು, ಬಸ್ಸು ಹಿಡಿದು, ಇಲ್ಲಿ ಇಳಿದ ಮೇಲೆ ಮತ್ತೆ ಆಟೋ ಹತ್ತಿ ಮನೆ ಸೇರುವಾಗ ಏಳು ದಾಟಿರುತ್ತದೆ. ಮನೆಯಲ್ಲಿ ಐದು ಜನ. ಅತ್ತೆ, ನಮ್ಮ ಯಜಮಾನರು, ಎಂಟನೇ ಕ್ಲಾಸಿನ ಮಗ, ಎರಡನೇ ಕ್ಲಾಸಿನ ಮಗಳು, ನಾನು.

ಎರಡು ವರ್ಷದ ಹಿಂದೆ, ಮಗಳು ಯುಕೆಜಿಯಲ್ಲಿದ್ದಾಗಿನ ಒಂದು ಸಂಜೆ ಇನ್ನೂ ಕಣ್ಣ ಮುಂದಿದೆ. ಬಂದವಳೇ ಬೇಳೆ ತೊಳೆದೆ, ಕುಕ್ಕರ್ ಇಟ್ಟೆ, ಸೊಪ್ಪು ಬಿಡಿಸಲು ಕೂತೆ. ಕಾಯಿ ತುರಿದು ಮಿಕ್ಸಿಗೆ ಹಾಕುವಷ್ಟರಲ್ಲಿ ಕರೆಂಟ್ ಹೋಯಿತು. ಸಾರು ಕುದಿ ಬಂದಾಗ ಒಂಬತ್ತು ಗಂಟೆ. ತಟ್ಟೆ ಹಾಕಿ ಕರೆದರೆ ಮಗಳ ಸದ್ದೇ ಇಲ್ಲ. ಯೂನಿಫಾರ್ಮ್‌ನಲ್ಲೇ, ಒಂದು ಕಾಲಿನ ಸಾಕ್ಸ್ ಕೂಡ ತೆಗೆಯದೆ ದಿವಾನದ ಮೇಲೆ ಮಲಗಿಬಿಟ್ಟಿದ್ದಳು. ಮುಷ್ಟಿಯಲ್ಲಿ ಅರ್ಧ ತಿಂದ ಬಿಸ್ಕತ್ತು. ಎಬ್ಬಿಸಿ ನಾಲ್ಕು ತುತ್ತು ತಿನ್ನಿಸಿದೆ. ಕಣ್ಣು ಮುಚ್ಚಿಕೊಂಡೇ ಅಗಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಲಗಿಕೊಂಡೇ ಲೆಕ್ಕ ಹಾಕಿದೆ. ಒಗ್ಗರಣೆ ಹಾಕಿ ಸಾರು ಕುದಿಸಲು ಹಿಡಿದಿದ್ದು ಕಾಲು ಗಂಟೆ ಮಾತ್ರ. ಉಳಿದ ಒಂದೂವರೆ ಗಂಟೆ ಹೋಗಿದ್ದು ತೊಳೆಯುವುದಕ್ಕೆ, ಬಿಡಿಸುವುದಕ್ಕೆ, ಬೇಯುವುದಕ್ಕೆ, ರುಬ್ಬುವುದಕ್ಕೆ. ಈ ಕೆಲಸಗಳನ್ನು ಸಂಜೆಯೇ ಮಾಡಬೇಕು ಅಂತ ಯಾರು ಹೇಳಿದ್ದಾರೆ? ಅಂದಿನಿಂದ ಅವನ್ನೆಲ್ಲ ಒಂದೊಂದಾಗಿ ಸಂಜೆಯಿಂದ ಆಚೆಗೆ ಸರಿಸುತ್ತಾ ಬಂದೆ. ಈಗ ಎಂಟು ಗಂಟೆಗೆ ಎಲ್ಲರ ಮುಂದೆ ತಟ್ಟೆ ಇರುತ್ತದೆ. ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ‘ಏನು ಅಡುಗೆ’ ಅನ್ನುವುದನ್ನು ಮುಗಿಸಿ

ದಣಿದು ಬಂದವರಿಗೆ ಅತಿ ಕಷ್ಟದ ಕೆಲಸ ಅಂದರೆ ಇದೇ. ಫ್ರಿಜ್ ಬಾಗಿಲು ತೆಗೆದುಕೊಂಡು ನಿಂತು ಯೋಚಿಸುವುದು. ಆ ಹೊತ್ತಿಗೆ ಹೊಳೆಯುವುದು ಒಂದೋ ಚಿತ್ರಾನ್ನ, ಇಲ್ಲ ಮಿರ್ಚಿ ಮಂಡಕ್ಕಿ ಪಾರ್ಸಲ್. ಅದಕ್ಕೇ ವಾರವನ್ನು ಮೊದಲೇ ಕಟ್ಟಿಬಿಡಿ. ಪೂರ್ತಿ ಮೆನು ಬರೆದು ಗೋಡೆಗೆ ಅಂಟಿಸಬೇಕಿಲ್ಲ. ಯಾವ ದಿನ ಯಾವ ಸಾರು ಅನ್ನುವುದು ಗೊತ್ತಿದ್ದರೆ ಸಾಕು.

ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ಪೇಚು ಇದೆ. ನಮ್ಮೂರು ರೊಟ್ಟಿ ಸೀಮೆಗೂ ಮುದ್ದೆ ಸೀಮೆಗೂ ನಡುವೆ ಇದೆಯಲ್ಲ, ಒಂದೇ ಮನೆಯಲ್ಲಿ ಎರಡೂ ಬೇಕು. ನಮ್ಮತ್ತೆಯವರಿಗೆ ಜೋಳದ ರೊಟ್ಟಿ ಇಲ್ಲದಿದ್ದರೆ ಉಂಡ ಹಾಗೇ ಅನಿಸುವುದಿಲ್ಲ. ಯಜಮಾನರು ಹಿರಿಯೂರು ಕಡೆಯ ಅಜ್ಜಿ ಮನೆಯಲ್ಲಿ ಬೆಳೆದವರು, ಅವರಿಗೆ ಮುದ್ದೆ. ಮಕ್ಕಳಿಗೆ ಅನ್ನ. ಮೊದಲು ನಾನು ಮೂವರನ್ನೂ ಒಪ್ಪಿಸಲು ಮೂರು ಬಗೆ ಮಾಡಿ ಸೋತೆ. ಈಗ ನಮ್ಮ ಮನೆಯಲ್ಲಿ ಒಂದೇ ನಿಯಮ. ಒಂದು ರಾತ್ರಿಗೆ ಒಂದೇ ಸಾರು, ಅಥವಾ ಒಂದೇ ಪಲ್ಯ. ಅದರ ಜೊತೆ ಯಾರು ಏನು ಉಣ್ಣುತ್ತಾರೋ ಅವರಿಷ್ಟ. ಬಸ್ಸಾರು, ಮೊಳಕೆ ಕಾಳಿನ ಸಾರು, ಸೊಪ್ಪಿನ ಸಾರು ಇವೆಲ್ಲ ಮುದ್ದೆಗೂ ಸೈ, ಅನ್ನಕ್ಕೂ ಸೈ. ಕಡಕ್ ರೊಟ್ಟಿ ಮುರಿದು ಹಾಕಿಕೊಂಡು ನೆನೆಸಿ ತಿನ್ನುವುದಕ್ಕಂತೂ ಇನ್ನೂ ಚೆನ್ನ.

ರೊಟ್ಟಿಯನ್ನು ನಾನು ವಾರದ ದಿನಗಳಲ್ಲಿ ಬಡಿಯುವುದೇ ಇಲ್ಲ. ನಮ್ಮ ಓಣಿಯಲ್ಲೇ ರೊಟ್ಟಿ ಮಾಡಿ ಮಾರುವ ಅಕ್ಕ ಒಬ್ಬರಿದ್ದಾರೆ. ವಾರಕ್ಕೆ ಬೇಕಾಗುವಷ್ಟು ಕಡಕ್ ರೊಟ್ಟಿ ಒಮ್ಮೆಗೇ ತಂದು, ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡುತ್ತೇನೆ. ತೇವ ತಾಗದಿದ್ದರೆ ವಾರಗಟ್ಟಲೆ ಕೆಡುವುದಿಲ್ಲ. ಕೊಂಡ ರೊಟ್ಟಿ ತಿನ್ನಿಸುತ್ತಾಳೆ ಅಂತ ಯಾರಾದರೂ ಅಂದಾರು ಅನ್ನುವ ಅಳುಕು ಮೊದಮೊದಲು ನನಗೂ ಇತ್ತು. ಅತ್ತೆಯವರೇ ಒಂದು ದಿನ, ‘ಆಕಿ ರೊಟ್ಟಿ ನಿನ್ನ ರೊಟ್ಟಿಗಿಂತ ತೆಳುವಾಗಿ ಬರ್ತಾವೆ, ಸುಮ್ನೆ ತಗೊಂಬಾ’ ಅಂದರು. ಅಲ್ಲಿಗೆ ಅಳುಕು ಹೋಯಿತು.

ಭಾನುವಾರದ ಒಂದು ಗಂಟೆ

ಭಾನುವಾರ ಇಡೀ ದಿನ ಅಡುಗೆಮನೆಯಲ್ಲಿ ನಿಲ್ಲಬೇಡಿ. ಒಂದು ಗಂಟೆ ಸಾಕು. ಅದರಲ್ಲಿ ಮಾಡಬೇಕಾದದ್ದು ಇಷ್ಟು.

ಬೆಳ್ಳುಳ್ಳಿ ಸುಲಿದು ಡಬ್ಬಿಗೆ ಹಾಕಿ. ನಮ್ಮ ಮನೆಯಲ್ಲಿ ಇದು ಅತ್ತೆಯವರ ಕೆಲಸ, ಟಿವಿ ನೋಡುತ್ತಲೇ ಒಂದು ಬಟ್ಟಲು ಸುಲಿದಿಟ್ಟಿರುತ್ತಾರೆ. ಒಂದು ದೊಡ್ಡ ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣನ್ನು ಬಿಸಿನೀರಲ್ಲಿ ನೆನೆಸಿ, ಕಿವುಚಿ, ಸೋಸಿ, ಚಿಟಿಕೆ ಉಪ್ಪು ಹಾಕಿ ಗಟ್ಟಿಯಾಗುವ ತನಕ ಕುದಿಸಿ. ಆರಿದ ಮೇಲೆ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ವಾರ ಪೂರ್ತಿ ಬರುತ್ತದೆ. ಸಂಜೆ ಹುಣಸೆ ನೆನೆಯಲಿ ಅಂತ ಕಾಯುವ ಹತ್ತು ನಿಮಿಷ ಉಳಿಯಿತು.

ಎರಡು ಲೋಟ ತೊಗರಿಬೇಳೆ ಒಮ್ಮೆಗೇ ಬೇಯಿಸಿ. ಅರ್ಧ ಗಂಟೆ ನೆನೆಸಿ, ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ಕುಕ್ಕರ್‌ನಲ್ಲಿ ನಾಲ್ಕು ಸೀಟಿ. ಆರಿದ ಮೇಲೆ ಎರಡು ಡಬ್ಬಿಗೆ ಹಂಚಿ ಫ್ರಿಜ್‌ಗೆ. ಸೋಮವಾರ ಒಂದು, ಮಂಗಳವಾರ ಒಂದು. ಎರಡು ದಿನಕ್ಕಿಂತ ಜಾಸ್ತಿ ನಾನು ಇಡುವುದಿಲ್ಲ. ಬೇಕಾದರೆ ಬುಧವಾರ ಬೆಳಿಗ್ಗೆ ತಿಂಡಿಯ ಜೊತೆಗೇ ಮತ್ತೆ ಒಂದು ಕುಕ್ಕರ್ ಇಟ್ಟುಬಿಡುವುದು.

ಕಾಯಿ ಹಾಕದ ಮಸಾಲೆ ರುಬ್ಬಿಡಿ. ನಾಲ್ಕು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಎರಡು ಟೊಮೆಟೊ, ಒಂದು ಇಂಚು ಶುಂಠಿ, ಒಂದು ಚಮಚ ಜೀರಿಗೆ. ಎಣ್ಣೆಯಲ್ಲಿ ಹಸಿ ವಾಸನೆ ಹೋಗುವಂತೆ ಹುರಿದು, ಆರಿಸಿ, ನೀರು ಹಾಕದೆ ರುಬ್ಬಿ. ನಾಲ್ಕೈದು ದಿನ ಬಾಳುತ್ತದೆ. ಕಾಯಿ ಸೇರಿಸಿದರೆ ಎರಡೇ ದಿನ. ಕಾಯಿಯನ್ನು ತುರಿದು ಬೇರೆಯಾಗಿ ಫ್ರೀಜರ್‌ನಲ್ಲಿಡಿ, ಬೇಕಾದಾಗ ಒಂದು ಹಿಡಿ ತೆಗೆದುಕೊಳ್ಳಿ. ಈ ಮಸಾಲೆ ಇದ್ದರೆ ಏಳು ಗಂಟೆಗೆ ಕರೆಂಟ್ ಹೋದರೂ ಹೆದರಬೇಕಿಲ್ಲ.

ಕೊನೆಗೆ ಶೇಂಗಾ ಚಟ್ನಿಪುಡಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನನ್ನ ಎಷ್ಟೋ ರಾತ್ರಿಗಳನ್ನು ಇದು ಕಾಪಾಡಿದೆ. ನಮ್ಮ ಪಕ್ಕದ ಚಳ್ಳಕೆರೆ ಶೇಂಗಾಕ್ಕೂ ಎಣ್ಣೆ ಮಿಲ್‌ಗಳಿಗೂ ಹೆಸರಾದ ಊರು, ಒಳ್ಳೆ ಶೇಂಗಾಕ್ಕೆ ನಮಗೆ ಬರವಿಲ್ಲ. ಕಾಲು ಕಿಲೋ ಶೇಂಗಾ ತೆಗೆದುಕೊಂಡು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಅವಸರ ಮಾಡಿ ಉರಿ ಜೋರು ಮಾಡಿದರೆ ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಚಟಪಟ ಸದ್ದು ಬರತೊಡಗಿ, ಸಿಪ್ಪೆ ಬೆರಳಿಗೆ ಬಿಟ್ಟುಕೊಂಡು ಬಂದಾಗ ಇಳಿಸಿ. ಆರಿದ ಮೇಲೆ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಿರಿ. ಎರಡು ಚಮಚ ಖಾರದ ಪುಡಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಮಚ ಹುರಿದ ಜೀರಿಗೆ, ಉಪ್ಪು, ಚೂರು ಬೆಲ್ಲ ಸೇರಿಸಿ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ತರಿತರಿಯಾಗಿರಬೇಕು, ಹಲ್ಲಿಗೆ ಸಿಗಬೇಕು.

ಒಂದು ಮಾತು. ತರಕಾರಿಯನ್ನೆಲ್ಲ ಭಾನುವಾರವೇ ಹೆಚ್ಚಿಡಲು ಹೋಗಬೇಡಿ. ಬೀನ್ಸ್, ಕ್ಯಾರೆಟ್ ಎರಡು ದಿನ ತಡೆದಾವು. ಬೆಂಡೆಕಾಯಿ ಲೋಳೆಯಾಗುತ್ತದೆ, ಬದನೆಕಾಯಿ ಕಪ್ಪಾಗುತ್ತದೆ. ಸೊಪ್ಪನ್ನು ಮಾತ್ರ ಬೇರು ತೆಗೆದು, ಬಿಡಿಸಿ, ತೊಳೆಯದೆ, ಬಟ್ಟೆಯಲ್ಲಿ ಸುತ್ತಿಡಿ. ತೊಳೆದಿಟ್ಟರೆ ಕೊಳೆಯುತ್ತದೆ.

ಆನಗೋಡು ದಾಟುವಾಗ ಒಂದು ಫೋನ್

ನನ್ನ ಬಸ್ಸು ಭರಮಸಾಗರ ಬಿಟ್ಟು ಆನಗೋಡು ದಾಟುತ್ತಿದ್ದಂತೆ ಮಗನಿಗೆ ಫೋನ್ ಮಾಡುತ್ತೇನೆ. ‘ಅಕ್ಕಿ ತೊಳೆದು ನೆನೆಸಿಡಪ್ಪ. ಫ್ರಿಜ್‌ನಿಂದ ಬೇಳೆ ಡಬ್ಬಿ ಆಚೆಗಿಡು.’ ಅಷ್ಟೇ. ನಾನು ಬರುವಷ್ಟರಲ್ಲಿ ಅಕ್ಕಿ ಅರ್ಧ ಗಂಟೆ ನೆಂದಿರುತ್ತದೆ, ಬೇಗ ಬೇಯುತ್ತದೆ. ಮೊದಲ ವಾರ ಅಕ್ಕಿಯನ್ನು ಒಂದೇ ನೀರಲ್ಲಿ ತೊಳೆದಿಟ್ಟಿದ್ದ. ಬೈಯಲಿಲ್ಲ. ಮೂರು ಸಲ ತೊಳೆಯಬೇಕು, ನೀರು ತಿಳಿಯಾಗಬೇಕು ಅಂತ ಪಕ್ಕದಲ್ಲಿ ನಿಂತು ತೋರಿಸಿದೆ. ಈಗ ಫೋನ್ ಮಾಡುವ ಮೊದಲೇ ಕೆಲವು ದಿನ ನೆನೆಸಿಟ್ಟಿರುತ್ತಾನೆ.

ನಿಮ್ಮ ದಾರಿಯಲ್ಲೂ ಇಂಥ ಒಂದು ಗುರುತು ಇಟ್ಟುಕೊಳ್ಳಿ. ಹರಿಹರದಿಂದ ಬರುವವರಾದರೆ ಬಾತಿ ಬಂದಾಗ, ಹೀಗೆ. ಮನೆಯಲ್ಲಿ ಯಾರೂ ಇರುವುದಿಲ್ಲ ಅನ್ನುವವರು ಬೆಳಿಗ್ಗೆಯೇ ಅಕ್ಕಿ ನೆನೆಸಿ ಹೋಗಬೇಡಿ, ಬೇಸಿಗೆಯಲ್ಲಿ ಹುಳಿ ವಾಸನೆ ಬರುತ್ತದೆ. ಬಂದ ಮೇಲೆ ತೊಳೆದು ಸೀದಾ ಕುಕ್ಕರ್‌ಗೆ ಹಾಕಿ, ಒಂದು ಸೀಟಿ ಜಾಸ್ತಿ ಕೂಗಿಸಿದರಾಯಿತು.

ಬಸ್ಸಲ್ಲೇ ಒಂದು ಬಾಳೆಹಣ್ಣು ತಿನ್ನಿ. ಹೊಟ್ಟೆ ಹಸಿದುಕೊಂಡು ಅಡುಗೆಗೆ ನಿಂತರೆ ಕೈ ಓಡುವುದಿಲ್ಲ, ಮಕ್ಕಳ ಮೇಲೆ ಸಿಟ್ಟು ಬೇರೆ.

ಬಾಗಿಲು ತೆರೆದ ಮೇಲೆ

ಕೈಕಾಲು ತೊಳೆದು, ಬಟ್ಟೆ ಬದಲಿಸುವ ಮೊದಲೇ ಕುಕ್ಕರ್ ಒಲೆಯ ಮೇಲಿಡಿ. ಇದೊಂದು ರೂಢಿಯಾದರೆ ಅರ್ಧ ಗೆದ್ದ ಹಾಗೆ. ನೀವು ಸೀರೆ ಬದಲಿಸಿ, ಮುಖ ತೊಳೆದು, ಐದು ನಿಮಿಷ ಕಾಲು ಚಾಚಿ ಕೂತರೂ ಅನ್ನ ತನ್ನ ಪಾಡಿಗೆ ಬೇಯುತ್ತಿರುತ್ತದೆ. ಎರಡು ಒಲೆಯ ಗ್ಯಾಸ್‌ನಲ್ಲಿ ಒಂದು ಒಲೆ ಕಾವಲು ಬೇಡದ ಕೆಲಸಕ್ಕೆ, ಇನ್ನೊಂದು ಕಣ್ಣಿಟ್ಟು ನೋಡಬೇಕಾದ ಕೆಲಸಕ್ಕೆ. ಎರಡೂ ಒಲೆಯಲ್ಲಿ ಒಟ್ಟಿಗೇ ಕೈಯಾಡಿಸುವಂಥದ್ದನ್ನು ಇಟ್ಟರೆ ಒಂದು ಸೀಯುವುದು ಗ್ಯಾರಂಟಿ. ಕುಕ್ಕರಿನ ಗ್ಯಾಸ್ಕೆಟ್ ಒಂದು ಹೆಚ್ಚಿಗೆ ತಂದಿಡಿ, ಅದು ಕೈಕೊಡುವುದು ಯಾವಾಗಲೂ ಸಂಜೆ ಹೊತ್ತಿಗೇ.

ಮಕ್ಕಳಿಗೆ ಆ ಹೊತ್ತಿಗೆ ಬಿಸ್ಕತ್ತು ಕೊಡಬೇಡಿ. ಒಂದು ಬಟ್ಟಲು ಮಂಡಕ್ಕಿಗೆ ಹೆಚ್ಚಿದ ಈರುಳ್ಳಿ, ಚೂರು ಎಣ್ಣೆ, ಅದೇ ಶೇಂಗಾ ಚಟ್ನಿಪುಡಿ ಹಾಕಿ ಕಲಸಿಕೊಡಿ. ಮಂಡಕ್ಕಿ ಹೊಟ್ಟೆ ತುಂಬಿಸುವುದಿಲ್ಲ, ಹಸಿವನ್ನು ಎಂಟು ಗಂಟೆ ತನಕ ತಡೆಯುತ್ತದೆ. ಭಟ್ಟಿಯಿಂದ ತಾಜಾ ಬಂದ ಮಂಡಕ್ಕಿ ಸಿಗುವ ಊರಿನಲ್ಲಿದ್ದೇವೆ, ಅದನ್ನು ಬಿಟ್ಟು ಪ್ಯಾಕೆಟ್ ಯಾಕೆ?

ಬಸ್ಸಾರು: ಒಂದು ಸಲ ಬೇಯಿಸಿ, ಎರಡು ಅಡುಗೆ

ಬಸ್ಸಾರಿಗೆ ತುಂಬಾ ಹೊತ್ತು ಹಿಡಿಯುತ್ತದೆ ಅಂತ ಎಷ್ಟೋ ಜನ ಬಿಟ್ಟೇಬಿಟ್ಟಿದ್ದಾರೆ. ನಿಜ ಅಂದರೆ ದುಡಿಯುವವರಿಗೆ ಇದರಷ್ಟು ಅನುಕೂಲದ ಅಡುಗೆ ಬೇರೆ ಇಲ್ಲ. ಬೇಯಿಸಿ ಬಸಿದ ನೀರು ಸಾರಾಗುತ್ತದೆ, ಉಳಿದ ಕಾಳು ಸೊಪ್ಪು ಪಲ್ಯವಾಗುತ್ತದೆ. ಐದು ಜನಕ್ಕೆ ಅಳತೆ ಇದು: ಹಿಂದಿನ ರಾತ್ರಿ ನೆನೆಸಿದ ಒಂದು ಲೋಟ ಹೆಸರುಕಾಳು, ಎರಡು ದೊಡ್ಡ ಕಟ್ಟು ದಂಟಿನ ಸೊಪ್ಪು. ದಂಟು ಸಿಗದಿದ್ದರೆ ಹರಿವೆ. ಸಬ್ಬಸಿಗೆ ಅರ್ಧ ಕಟ್ಟು ಸೇರಿದರೆ ಘಮ ಬೇರೆಯೇ.

1. ಕಾಳಿಗೆ ಆರು ಲೋಟ ನೀರು, ಉಪ್ಪು ಹಾಕಿ ಕುಕ್ಕರ್‌ನಲ್ಲಿ ಒಂದೇ ಸೀಟಿ. ನೆಂದ ಕಾಳು ಬೇಗ ಬೇಯುತ್ತದೆ, ಎರಡು ಸೀಟಿಗೆ ಕರಗಿಹೋಗಬಹುದು. ಕಾಳು ಇಡಿಯಾಗಿರಬೇಕು, ಅದುಮಿದರೆ ಮೆತ್ತಗಾಗಬೇಕು.

2. ಅಷ್ಟರಲ್ಲಿ ಸೊಪ್ಪು ತೊಳೆದು ಹೆಚ್ಚಿ. ಕುಕ್ಕರ್ ಇಳಿದ ಮೇಲೆ ಮುಚ್ಚಳ ತೆಗೆದು ಸೊಪ್ಪು ಹಾಕಿ, ಮುಚ್ಚದೆ ಐದಾರು ನಿಮಿಷ ಬೇಯಿಸಿ.

3. ತೂತಿನ ಪಾತ್ರೆಗೆ ಸುರಿದು ಬಸಿಯಿರಿ. ಕೆಳಗೆ ಬೀಳುವುದೇ ಕಟ್ಟು. ಒಂದು ಹನಿಯೂ ಚೆಲ್ಲಬೇಡಿ, ಸಾರಿನ ರುಚಿಯೆಲ್ಲ ಅದರಲ್ಲೇ ಇದೆ.

4. ಭಾನುವಾರದ ಮಸಾಲೆ ಮೂರು ಚಮಚ, ಸಾರಿನ ಪುಡಿ ಎರಡು ಚಮಚ, ಕಾಯಿತುರಿ ಒಂದು ಹಿಡಿ, ಬೆಂದ ಕಾಳು ಸೊಪ್ಪು ಎರಡು ಸೌಟು. ಇಷ್ಟನ್ನು ನುಣ್ಣಗೆ ರುಬ್ಬಿ. ಬೆಂದ ಕಾಳು ಹಾಕಿ ರುಬ್ಬುವುದರಿಂದಲೇ ಸಾರು ಮಂದವಾಗುವುದು. ಅದನ್ನು ಬಿಟ್ಟರೆ ನೀರು ಬೇರೆ, ಖಾರ ಬೇರೆ ಆಗುತ್ತದೆ.

5. ರುಬ್ಬಿದ್ದನ್ನು ಕಟ್ಟಿಗೆ ಬೆರೆಸಿ, ಹುಣಸೆ ರಸ ಒಂದು ಚಮಚ ಹಾಕಿ, ಎಂಟು ನಿಮಿಷ ಕುದಿಸಿ. ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಒಣಮೆಣಸಿನಕಾಯಿ ಒಗ್ಗರಣೆ.

6. ಇನ್ನೊಂದು ಒಲೆಯಲ್ಲಿ ಬಾಣಲೆಗೆ ಸಾಸಿವೆ, ಬೆಳ್ಳುಳ್ಳಿ, ಈರುಳ್ಳಿ ಒಗ್ಗರಣೆ ಹಾಕಿ ಬಸಿದ ಕಾಳು ಸೊಪ್ಪು ಹಾಕಿ ಬಾಡಿಸಿ. ಮೇಲೆ ಕಾಯಿ.

ಎಲ್ಲ ಸೇರಿ 40 ನಿಮಿಷ. ಕರೆಂಟ್ ಇಲ್ಲದ ದಿನ ರುಬ್ಬುವ ಬದಲು ಬೆಂದ ಕಾಳನ್ನು ಸೌಟಿನ ಹಿಂಬದಿಯಿಂದ ಚೆನ್ನಾಗಿ ಮಸೆದು ಮಸಾಲೆಯ ಜೊತೆ ಸೇರಿಸಿ. ಅಷ್ಟು ನುಣುಪು ಬರುವುದಿಲ್ಲ, ರುಚಿಗೆ ಮೋಸವಿಲ್ಲ.

ಸಾರು ಕುದಿಯುವಾಗ ಮುದ್ದೆಯ ಕೆಲಸ ಯಜಮಾನರದ್ದು. ಅದಕ್ಕೆ ತೋಳಿನ ಬಲ ಬೇಕು, ಅವರಿಗೆ ಅದರಲ್ಲಿ ಹೆಮ್ಮೆಯೂ ಇದೆ. ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ನೀರು. ನೀರಿಗೆ ಉಪ್ಪು, ಒಂದು ಚಮಚ ಹಿಟ್ಟು ಕದಡಿ ಹಾಕಿ ಕುದಿಸುತ್ತಾರೆ. ಮಳ್ಳಿದಾಗ ಹಿಟ್ಟನ್ನೆಲ್ಲ ನಡುವೆ ಗುಡ್ಡೆಯಾಗಿ ಸುರಿದು, ಕೋಲು ಆಡಿಸದೆ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬಿಡುತ್ತಾರೆ. ಆಗಲೇ ತಿರುವಿದರೆ ಗಂಟಾಗುತ್ತದೆ. ಆಮೇಲೆ ಪಾತ್ರೆಯನ್ನು ಕವೆಗೋಲಿನಲ್ಲಿ ಗಟ್ಟಿಯಾಗಿ ಹಿಡಿದು, ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವುತ್ತಾರೆ. ಮತ್ತೆ ಮುಚ್ಚಿ ಎರಡು ನಿಮಿಷ. ಒದ್ದೆ ಬೆರಳಿನಿಂದ ಮುಟ್ಟಿ ನೋಡಿ, ಅಂಟದಿದ್ದರೆ ಬೆಂದಿದೆ. ಎರಡು ಮುದ್ದೆ ಕಟ್ಟುವುದನ್ನು ಮಗಳು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ನೋಡುತ್ತಾಳೆ. ತನಗೂ ಒಂದು ಗೋಲಿ ಗಾತ್ರದ್ದು ಬೇಕು ಅವಳಿಗೆ.

ಬುಧವಾರ ಜುಣಕ

ತರಕಾರಿ ಮುಗಿದ ದಿನಕ್ಕೆ ಇದು. ಒಂದು ಲೋಟ ಕಡಲೆಹಿಟ್ಟನ್ನು ಒಂದು ಲೋಟ ನೀರಲ್ಲಿ ಗಂಟಿಲ್ಲದಂತೆ ಕದಡಿ. ಬಾಣಲೆಯಲ್ಲಿ ಧಾರಾಳ ಎಣ್ಣೆ, ಸಾಸಿವೆ, ಜೀರಿಗೆ, ಹಸಿಮೆಣಸಿನಕಾಯಿ, ಕರಿಬೇವು, ಎರಡು ಈರುಳ್ಳಿ. ಅರಿಶಿನ, ಉಪ್ಪು, ಒಂದೂವರೆ ಲೋಟ ನೀರು ಹಾಕಿ ಕುದಿ ಬಂದಾಗ ಕದಡಿದ ಹಿಟ್ಟು ಸುರಿಯುತ್ತಾ ಕೈಯಾಡಿಸಿ. ಗಟ್ಟಿಯಾದ ಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ. ಈ ಐದು ನಿಮಿಷ ಬಿಟ್ಟರೆ ಹಿಟ್ಟಿನ ಹಸಿ ವಾಸನೆ ಉಳಿಯುತ್ತದೆ. ರೊಟ್ಟಿ, ಹಸಿ ಈರುಳ್ಳಿ, ಸೌತೆಕಾಯಿ, ಮೆಂತ್ಯ ಸೊಪ್ಪು ಜೊತೆಗಿದ್ದರೆ ಬೇರೆ ಪಲ್ಯ ಬೇಡ. 20 ನಿಮಿಷದಲ್ಲಿ ಊಟ.

ತೀರಾ ತಡವಾದ ದಿನ

ಕೆಲವು ದಿನ ಬಸ್ಸು ಸಿಗುವುದಿಲ್ಲ, ಮೀಟಿಂಗ್ ಮುಗಿಯುವುದಿಲ್ಲ. ಎಂಟೂವರೆಗೆ ಬಂದರೆ ಬಸ್ಸಾರಿನ ಆಸೆ ಬಿಡಿ. ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ಹೆಸರುಬೇಳೆ, ಆರು ಲೋಟ ನೀರು, ಮೆಣಸು, ಜೀರಿಗೆ, ಶುಂಠಿ, ಉಪ್ಪು, ನಾಲ್ಕು ಸೀಟಿ. ಮೇಲೆ ತುಪ್ಪ. ಹೆಚ್ಚುವುದಿಲ್ಲ, ರುಬ್ಬುವುದಿಲ್ಲ, ಮಕ್ಕಳೂ ಅತ್ತೆಯವರೂ ಮನಸಾರೆ ಉಣ್ಣುತ್ತಾರೆ.

ಅದೂ ಆಗದಿದ್ದರೆ ಕಡಕ್ ರೊಟ್ಟಿ, ಗಟ್ಟಿ ಮೊಸರು, ಶೇಂಗಾ ಚಟ್ನಿಪುಡಿ, ಒಂದು ಈರುಳ್ಳಿ. ಇದನ್ನು ‘ಏನೂ ಮಾಡಿಲ್ಲ’ ಅಂತ ಹೇಳಿಕೊಂಡು ಬಡಿಸಬೇಡಿ. ಹೊಲಕ್ಕೆ ಹೋಗುವವರು ತಲೆತಲಾಂತರದಿಂದ ಬುತ್ತಿ ಕಟ್ಟಿಕೊಂಡು ಹೋಗಿದ್ದು ಇದನ್ನೇ ಅಲ್ವಾ? ನಮ್ಮನೆಯಲ್ಲಿ ತಿಂಗಳಿಗೆ ಎರಡು ಸಲವಾದರೂ ಇದೇ ಊಟ. ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತೇವೆ.

ಉಂಡಾದ ಮೇಲೆ ಹತ್ತು ನಿಮಿಷ

ಉಳಿದ ಅನ್ನವನ್ನು ರಾತ್ರಿಯಿಡೀ ಕುಕ್ಕರ್‌ನಲ್ಲೇ ಬಿಡಬೇಡಿ. ಬೇಯಿಸಿದರೂ ಸಾಯದ ಒಂದು ಬಗೆ ಬ್ಯಾಕ್ಟೀರಿಯಾ ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡುತ್ತದೆ. ಬೆಳಿಗ್ಗೆ ಒಗ್ಗರಣೆ ಹಾಕಿ ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ಅನ್ನವನ್ನು ತಟ್ಟೆಯಲ್ಲಿ ಹರಡಿ, ಬೇಗ ಆರಿಸಿ, ಊಟವಾದ ಒಂದು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ. ನಾಳೆಯ ಚಿತ್ರಾನ್ನ ಇದರಿಂದಲೇ.

ಆಮೇಲೆ ನಾಳೆ ಸಂಜೆಯ ಕಾಳು. ಬೆಳಿಗ್ಗೆ ನೆನೆಸಿ ಹೋಗುವ ತಪ್ಪನ್ನು ನಾನು ಒಂದು ಮೇ ತಿಂಗಳಲ್ಲಿ ಮಾಡಿದ್ದೆ. ಸಂಜೆ ಬಂದು ನೋಡಿದರೆ ಪಾತ್ರೆ ತುಂಬಾ ನೊರೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಅಷ್ಟೂ ಕಾಳು ಚೆಲ್ಲಬೇಕಾಯಿತು. ಈಗ ರಾತ್ರಿ ನೆನೆಸುತ್ತೇನೆ. ಬೆಳಿಗ್ಗೆ ಆರಕ್ಕೆ ನೀರು ಬಸಿದು, ಬಸ್ಸಾರಿಗಾದರೆ ಡಬ್ಬಿಗೆ ಹಾಕಿ ಫ್ರಿಜ್‌ಗೆ. ಮೊಳಕೆ ಸಾರಿಗಾದರೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಮೂಲೆಯಲ್ಲಿ ತೂಗುಹಾಕುತ್ತೇನೆ. ಬೇಸಿಗೆಯಲ್ಲಿ ಸಂಜೆಯಷ್ಟರಲ್ಲಿ ಬಟ್ಟೆ ದಾಟಿ ಮೊಳಕೆ ಇಣುಕುತ್ತದೆ. ಚಳಿಗಾಲದಲ್ಲಿ ಇನ್ನೊಂದು ದಿನ ಹಿಡಿಯುತ್ತದೆ, ಅದಕ್ಕೆ ಒಂದು ದಿನ ಮುಂಚೆಯೇ ಶುರು ಮಾಡಬೇಕು.

ಅಳತೆಗೆ ನಮ್ಮಲ್ಲಿ ಲೋಟ ಬೇಕಿಲ್ಲ. ತಲೆಗೆ ಒಂದು ಹಿಡಿ. ರಾತ್ರಿ ಹಾಸಿಗೆಗೆ ಹೋಗುವ ಮುಂಚೆ ಮಗಳು ಡಬ್ಬಿಗೆ ಕೈ ಹಾಕಿ ಎಣಿಸುತ್ತಾಳೆ: ಅಜ್ಜಿಗೊಂದು, ಅಪ್ಪಂಗೊಂದು, ಅಣ್ಣಂಗೊಂದು, ಅಮ್ಮಂಗೊಂದು, ನಂಗೊಂದು. ಅವಳ ಹಿಡಿ ಚಿಕ್ಕದು. ಅವಳು ಆಚೆ ಹೋದ ಮೇಲೆ ನಾನು ಇನ್ನೆರಡು ಹಿಡಿ ಸೇರಿಸಿ ನೀರು ಹಾಕಿಡುತ್ತೇನೆ.